ಬೆಲೆ ಮುಂದೆ, ಕೂಲಿ ಹಿಂದೆ

ಯುಗಾದಿಯಂದು ಪಂಚಾಂಗಶ್ರವಣದ ಕಾಲದಲ್ಲಿ ಪ್ರತಿಯೊಂದು ರಾಶಿಗೂ ಆಯವೆಷ್ಟು, ವ್ಯಯವೆಷ್ಟು ಎಂದು ಕೇಳಿ ತಿಳಿಯುವ ಪದ್ಧತಿಯು ನಮ್ಮ ವಾಚಕರೆಲ್ಲರಿಗೂ ಪರಿಚಿತವಾದುದೇ. ಆಯ ಹೆಚ್ಚಾಗಿ ಬಂದವರು ಮೀಸೆಯಡಿಯಲ್ಲಿ ನಗುವರು. ವ್ಯಯ ಹೆಚ್ಚಾಗಿ ಬಂದವರು ಇದೆಲ್ಲವೂ ನಂಬತಕ್ಕದ್ದಲ್ಲವೆಂದು ಹೇಳಿ ಒಬ್ಬಟ್ಟಿನ ಕಡೆಗೆ ಮನಸ್ಸನ್ನು ತಿರುಗಿಸುವರು. 2025ರ ಯುಗಾದಿಯ ಮರುದಿನ ನಾವು ಜಗಲಿಯಲ್ಲಿ ಕುಳಿತು ವಿಶ್ವಾವಸು ಸಂವತ್ಸರದ ಈ ಲೆಕ್ಕವನ್ನು ಇನ್ನೊಮ್ಮೆ ನೋಡುತ್ತಿದ್ದೆವು. ನಮ್ಮ ಮನೆಯಲ್ಲಿ ಪಾತ್ರೆ ತೊಳೆದು ಕಸ ಗುಡಿಸುವ ಹೆಂಗಸು ಕೆಲಸ ಮುಗಿಸಿದವಳು, ಎಂದಿನಂತೆ ಹಿತ್ತಿಲ ಬಾಗಿಲಿನಿಂದ ಹೊರಟುಹೋಗದೆ, ಕಂಬದ ಬಳಿ ಬಂದು ನಿಂತಳು.

“ಮೇಷ್ಟ್ರೇ, ನಮ್ಮದೂ ಒಂದು ನೋಡ್ರಿ. ಆಯ ಎಷ್ಟಿದೆ ಹೇಳಿ ಸಾಕು, ವ್ಯಯ ನನಗೇ ಗೊತ್ತು” ಎಂದಳು.

ನಾವು ನಕ್ಕೆವು. ಆಕೆ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮಗೆ ವರ್ಷಕ್ಕೆ ಎರಡು ಸಲ ಹೆಚ್ಚಾಗುತ್ತಂತಲ್ಲ, ನಮಗೆ ಹೆಚ್ಚು ಮಾಡೋರು ಯಾರು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನಮಗೆ, ಉತ್ತರ ಕೊಡಲಾರದ ಹುಡುಗನ ಅವಸ್ಥೆ ಎಂತಹುದೆಂಬುದು ಅಂದು ತಿಳಿಯಿತು. ದುಡಿಯುವವರ ಕೂಲಿಯು ಜೀವನದ ಬೆಲೆಯೊಡನೆ ಹೆಜ್ಜೆ ಹಾಕುತ್ತಿದೆಯೆ ಇಲ್ಲವೆ ಎಂಬುದನ್ನು ಈ ತಿಂಗಳು ವಿಚಾರಮಾಡಬೇಕೆಂದು ನಾವು ಹೊರಟಿರುವುದಕ್ಕೆ ಆ ಪ್ರಶ್ನೆಯೇ ಕಾರಣ.

ಮೊದಲು ಶಬ್ದದಿಂದಲೇ ಪ್ರಾರಂಭಿಸೋಣ. ಸಂಸ್ಕೃತದಲ್ಲಿ ಕೂಲಿಗೆ ‘ಭೃತಿ’ ಎಂದು ಹೆಸರು. ‘ಭೃ’ ಎಂಬ ಧಾತುವಿಗೆ ಹೊರು, ಪೋಷಿಸು ಎಂದು ಅರ್ಥ. ಭರ್ತೃ, ಭಾರ್ಯೆ, ಭೃತ್ಯ ಎಂಬ ಶಬ್ದಗಳು ಹುಟ್ಟಿದ್ದೂ ಈ ಧಾತುವಿನಿಂದಲೇ. ಆದುದರಿಂದ ಶಬ್ದಾರ್ಥವನ್ನು ನೋಡಿದರೆ, ಪೋಷಿಸತಕ್ಕದ್ದೇ ಭೃತಿ. ಪೋಷಿಸಲಾರದ್ದು ಆ ಹೆಸರಿಗೆ ತಕ್ಕುದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ತೋಟ ಕಾಯುವವರಿಗೂ ದನ ಕಾಯುವವರಿಗೂ ಕೆಲಸದಾಳುಗಳಿಗೂ ಅವರನ್ನು ನಂಬಿದ ಜನಕ್ಕೆ ತಕ್ಕಷ್ಟು ಅನ್ನವನ್ನು ಕೊಟ್ಟು, ಅದರ ಮೇಲೆ ತಿಂಗಳಿಗೆ ಒಂದೂಕಾಲು ಪಣವನ್ನು ಕೊಡತಕ್ಕದ್ದೆಂದು ಹೇಳಿದೆ. ಅನ್ನ ಮೊದಲು, ಹಣ ಅನಂತರ. ಶುಕ್ರನೀತಿಯಾದರೋ ಒಬ್ಬನ ಹೊಟ್ಟೆಗೆ ಮಾತ್ರ ಸಾಕಾಗುವ ಭೃತಿಯನ್ನು ಹೀನವೆಂದು ಕರೆದಿರುತ್ತದೆ.

ಇದು ಹಳೆಯ ಕಾಲದ ಮಾತೆಂದು ತಳ್ಳಿಬಿಡುವಂತಿಲ್ಲ. 1957ರಲ್ಲಿ ಕೂಡಿದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನವನ್ನು ಗೊತ್ತುಮಾಡುವ ಬಗೆಯನ್ನು ವಿಧಿಸಿದಾಗ, ದುಡಿಯುವವನೊಬ್ಬನ ಕೂಲಿಯಿಂದ ಮೂರು ಪಾಲು ಜನರ ಹೊಟ್ಟೆ ತುಂಬಬೇಕು, ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ ದೊರೆಯಬೇಕು, ಮನೆಯ ಬಾಡಿಗೆಯೂ ಸೌದೆ ದೀಪಗಳ ಖರ್ಚೂ ಸೇರಬೇಕೆಂದು ಹೇಳಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಕ್ಕಳ ವಿದ್ಯೆ, ಔಷಧ, ಮದುವೆ, ಮುಪ್ಪು ಮೊದಲಾದವುಗಳಿಗೆಂದು ಕನಿಷ್ಠ ವೇತನದಲ್ಲಿ ನೂರಕ್ಕೆ 25ರಷ್ಟು ಪಾಲು ಇರತಕ್ಕದ್ದೆಂದು ತೀರ್ಮಾನಿಸಿತು. ಕೌಟಿಲ್ಯನಿಂದ ನ್ಯಾಯಾಧೀಶರವರೆಗೆ ಎಲ್ಲರೂ ಒಂದೇ ಮಾತನ್ನು ಆಡಿರುವರು: ಕೂಲಿಯನ್ನು ಅಳೆಯತಕ್ಕದ್ದು ಸಂಸಾರದ ಪೋಷಣೆಯಿಂದಲೇ ಹೊರತು ನಾಣ್ಯಗಳ ಸಂಖ್ಯೆಯಿಂದಲ್ಲ.

ನಮ್ಮ ಶಿಕಾರಿಪುರ ಸೊರಬ ಸೀಮೆಯಲ್ಲಿ ಹಿರಿಯರ ಕಾಲಕ್ಕೆ ನಾಟಿ ಕೊಯ್ಲುಗಳ ಕೂಲಿಯನ್ನು ಬಹುಮಟ್ಟಿಗೆ ಭತ್ತದಲ್ಲಿಯೇ ಅಳೆಯುತ್ತಿದ್ದರು. ಇದರಲ್ಲಿ ಒಂದು ಗುಣವಿದ್ದಿತು. ಭತ್ತದ ಬೆಲೆ ಶಿರಾಳಕೊಪ್ಪದ ಪೇಟೆಯಲ್ಲಿ ಏರಿದರೂ ಇಳಿದರೂ ಕೂಲಿಯಾಳಿನ ಮಡಿಲಿಗೆ ಬಿದ್ದ ಭತ್ತ ಅಷ್ಟೇ ಇರುತ್ತಿತ್ತು. ಬೆಲೆಯೇರಿದರೆ ಕೂಲಿಯೂ ತಾನಾಗಿಯೇ ಏರಿದಂತಾಗುತ್ತಿತ್ತು. ಯಾರೂ ಕೈಯೊಡ್ಡಿ ಕೇಳಬೇಕಾಗಿರಲಿಲ್ಲ. ಕೂಲಿಯು ಹಣವಾದ ದಿನದಿಂದ ಬೆಲೆಯೇರಿಕೆಯ ಹೊರೆಯು ಕೊಡುವವನ ಕಣಜದಿಂದ ಇಳಿದು ದುಡಿಯುವವನ ಒಲೆಯ ಮೇಲೆ ಕುಳಿತಿತು. ಈ ಬದಲಾವಣೆ ಸದ್ದಿಲ್ಲದೆ ನಡೆದುದರಿಂದ ಇದನ್ನು ಗಮನಿಸಿದವರು ಕಡಿಮೆ.

ಹಾಗೆಂದು ಹಳೆಯ ಕಾಲವನ್ನು ಸತ್ಯಯುಗವೆಂದು ಹೊಗಳಲು ನಾವು ಸಿದ್ಧರಿಲ್ಲ. ಅಂದಿನ ದೋಷವು ಕೊಳಗದಲ್ಲಿತ್ತು. ಅಳೆಯುವ ಕೊಳಗ ಒಡೆಯನ ಮನೆಯದು. ಅದರ ಗಾತ್ರವೂ ಒಡೆಯನ ಇಷ್ಟದ್ದು. ಸೊರಬಕ್ಕೆ ಹೊಂದಿಕೊಂಡ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದುದಕ್ಕೆ ಈ ಕೊಳಗವೇ ಒಂದು ಮುಖ್ಯ ಕಾರಣವಾಗಿತ್ತು. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗವನ್ನು ಬಳಸುವರೆಂಬುದು ರೈತರ ದೂರು. ಎಚ್. ಗಣಪತಿಯಪ್ಪನವರು ಆ ರೈತರನ್ನು ಸಂಘಟಿಸಿದರು, ಡಾ. ರಾಮಮನೋಹರ ಲೋಹಿಯಾ ಅವರು ಬಂದು ಅದರಲ್ಲಿ ಸೇರಿ ಬಂಧನಕ್ಕೊಳಗಾದರು. 1974ರಲ್ಲಿ ಭೂಸುಧಾರಣೆಯ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿಪದ್ಧತಿಯೇ ಇಲ್ಲವಾಯಿತು. ಅಷ್ಟರಲ್ಲಿ 1956ರ ತೂಕ-ಅಳತೆಗಳ ಕಾಯ್ದೆಯಿಂದ ಕೊಳಗ, ಸೇರುಗಳೂ ಹಿಂದೆ ಸರಿದು ದೇಶಕ್ಕೆಲ್ಲ ಒಂದೇ ಕಿಲೋಗ್ರಾಮು ಬಂದಿತ್ತು. ಆದರೆ ಕೂಲಿಯ ವಿಷಯದಲ್ಲಿ ಕೊಳಗದ ಪ್ರಶ್ನೆ ಮುಗಿದಿದೆಯೆ? ಇಲ್ಲವೆಂದೇ ನಮಗೆ ತೋರುವುದು. ಕೊಳಗಕ್ಕೆ ಈಗ ‘ಬೆಲೆ ಸೂಚ್ಯಂಕ’ ಎಂಬ ಹೆಸರು ಬಂದಿದೆ, ಅಷ್ಟೆ.

ಸೂಚ್ಯಂಕವೆಂದರೇನೆಂಬುದನ್ನು ಗೃಹಿಣಿಯರಿಗೆ ತಿಳಿಯುವಂತೆ ಹೇಳುವುದು ಕಷ್ಟವಲ್ಲ. ಒಂದು ಸಂಸಾರವು ತಿಂಗಳಿಗೆ ಕೊಳ್ಳುವ ಅಕ್ಕಿ, ಬೇಳೆ, ಎಣ್ಣೆ, ಸೋಪು, ಬಟ್ಟೆ, ಔಷಧ ಎಲ್ಲವನ್ನೂ ಒಂದು ಬುಟ್ಟಿಯಲ್ಲಿಟ್ಟರೆಂದು ಭಾವಿಸಿರಿ. ಆ ಬುಟ್ಟಿಗೆ ಒಂದು ವರ್ಷ 100 ರೂಪಾಯಿ ಬಿದ್ದು, ಮುಂದೆ ಅದೇ ಬುಟ್ಟಿಗೆ 110 ಬಿದ್ದರೆ ಸೂಚ್ಯಂಕವು 110 ಆಯಿತು. ಗದ್ದೆ ತೋಟಗಳಲ್ಲಿ ದುಡಿಯುವವರಿಗೆಂದು ಕೇಂದ್ರದ ಕಾರ್ಮಿಕ ಬ್ಯೂರೋ ಬೇರೆಯಾಗಿ ಒಂದು ಸೂಚ್ಯಂಕವನ್ನು ಕಟ್ಟುತ್ತದೆ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಯನ್ನು ಇದನ್ನು ನೋಡಿಯೇ ಪ್ರತಿವರ್ಷ ಏಪ್ರಿಲ್ ತಿಂಗಳಿಗೆ ಹೆಚ್ಚಿಸುತ್ತಿದ್ದರು. ಈ ಸೂಚ್ಯಂಕಕ್ಕೆ 1986-87ರ ಬೆಲೆಯನ್ನು ನೂರೆಂದು ಹಿಡಿದಿದ್ದರು. ಬುಟ್ಟಿಯಲ್ಲಿ ಯಾವ ಪದಾರ್ಥ ಎಷ್ಟಿರಬೇಕೆಂಬುದನ್ನು 1983ರಲ್ಲಿ ನಡೆಸಿದ ಖರ್ಚಿನ ಸಮೀಕ್ಷೆಯಿಂದ ಗೊತ್ತುಮಾಡಿದ್ದರು. ಈ ಬುಟ್ಟಿಯು 2025ರ ನಡುವಿನವರೆಗೂ ಹಾಗೆಯೇ ನಡೆಯಿತು. ಅನಂತರವಷ್ಟೆ 2019ರ ಬೆಲೆಯನ್ನು ನೂರೆಂದು ಹಿಡಿದು, 2011-12ರ ಸಮೀಕ್ಷೆಯ ಆಧಾರದ ಮೇಲೆ ಹೊಸ ಬುಟ್ಟಿಯನ್ನು ಕಟ್ಟಿದರು.

1983ರಲ್ಲಿ ನಮ್ಮ ಕಡೆಯ ಕೂಲಿಯವರ ಮನೆಯಲ್ಲಿ ಏನಿತ್ತು, ಈಗ ಏನಿದೆ ಎಂಬುದನ್ನು ವಾಚಕರೇ ಯೋಚಿಸಲಿ. ಅಂದು ಸೌದೆ ಕಾಡಿನಿಂದ ಬರುತ್ತಿತ್ತು. ಇಂದು ಅನಿಲದ ಸಿಲಿಂಡರು ಬಂದಿದೆ. ಅಂದು ಮಗು ಊರಿನ ಶಾಲೆಗೆ ನಡೆದು ಹೋಗುತ್ತಿತ್ತು. ಇಂದು ಆನವಟ್ಟಿಗೋ ಶಿಕಾರಿಪುರಕ್ಕೋ ಹೋಗುವ ಶಾಲೆಯ ವ್ಯಾನಿಗೆ ಹಣ ತೆರಬೇಕು. ಮೊಬೈಲಿಗೆ ಕರೆನ್ಸಿ ಹಾಕಿಸದಿದ್ದರೆ ಮೇಸ್ತ್ರಿಯು ನಾಳಿನ ಕೆಲಸಕ್ಕೆ ಕರೆಯಲಾರ. ಇವೆಲ್ಲವೂ ಭೋಗವೆಂದು ಹೇಳುವವರು ತಮ್ಮ ಮನೆಯಲ್ಲಿ ಒಂದು ತಿಂಗಳು ಇವುಗಳನ್ನು ಬಿಟ್ಟು ನೋಡಬಹುದು. ಬುಟ್ಟಿಯು ಹಳೆಯದಾದರೆ ಅಳತೆಯು ತಪ್ಪುವುದು. ದೊಡ್ಡ ಕೊಳಗದಿಂದ ಗೇಣಿ ಅಳೆದವರಿಗೆ ಅದು ಮೋಸವೆಂದು ಗೊತ್ತಿತ್ತು. ಇಲ್ಲಿ ಯಾರ ಮೋಸವೂ ಇಲ್ಲದೆಯೇ ಅದೇ ಫಲ ಉಂಟಾಗಿರುವುದು.

ಇನ್ನು ಅಂಕಿಗಳನ್ನು ನೋಡೋಣ. ಊರೂರಿನ ಖಾಸಗಿ ಕೂಲಿಯು ಬೆಳೆಗೊಂದು, ಋತುವಿಗೊಂದು ಬಗೆಯಾದುದರಿಂದ, ಎಲ್ಲರಿಗೂ ತಿಳಿದಿರುವ ಉದ್ಯೋಗ ಖಾತರಿಯ ಕೂಲಿಯನ್ನೇ ಹಿಡಿಯುವುದು ಒಳ್ಳೆಯದು. ಕರ್ನಾಟಕದಲ್ಲಿ ಈ ಕೂಲಿಯು ದಿನಕ್ಕೆ 2018-19ರಲ್ಲಿ 249 ರೂಪಾಯಿ ಇತ್ತು. 2019-20ರಲ್ಲಿಯೂ ಅದೇ 249; ಒಂದು ಕಾಸೂ ಏರಲಿಲ್ಲ. ಆ ವರ್ಷ ದೇಶದಲ್ಲಿ ಚಿಲ್ಲರೆ ಬೆಲೆಗಳು ನೂರಕ್ಕೆ 4.8ರಷ್ಟು ಏರಿದುವು. 2020-21ರಲ್ಲಿ ಕೂಲಿಯು 275 ಆಯಿತು. ಮುಂದೆ 289, ಆಮೇಲೆ 309, 2023-24ರಲ್ಲಿ 316. ಎಂದರೆ ಮೂರು ವರ್ಷಗಳಲ್ಲಿ ನೂರಕ್ಕೆ ಸುಮಾರು 15ರ ಏರಿಕೆ. ಅದೇ ಮೂರು ವರ್ಷಗಳಲ್ಲಿ ಬೆಲೆಗಳು ಅನುಕ್ರಮವಾಗಿ 5.5, 6.7, 5.4ರಂತೆ ಏರಿದುವು, ಚಕ್ರಬಡ್ಡಿಯ ಲೆಕ್ಕದಲ್ಲಿ ಇವು ನೂರಕ್ಕೆ ಹದಿನೆಂಟೂವರೆಗೂ ಮಿಗಿಲಾಗುತ್ತವೆ. 275 ರೂಪಾಯಿಯ ಯೋಗ್ಯತೆ ಉಳಿಯಬೇಕಾಗಿದ್ದರೆ 2023-24ರಲ್ಲಿ 326 ರೂಪಾಯಿ ಕೊಡಬೇಕಾಗಿತ್ತು, ಕೊಟ್ಟುದು 316. ದಿನವೊಂದಕ್ಕೆ ಹತ್ತು ರೂಪಾಯಿ ಕಡಿಮೆ.

2024-25ರಲ್ಲಿ ಕೂಲಿಯನ್ನು ಒಮ್ಮೆಲೇ 349ಕ್ಕೆ ಏರಿಸಿದರು. ಆ ವರ್ಷ ಬೆಲೆಗಳು 4.6ರಷ್ಟು ಏರಿದುದರಿಂದ, ಸಮನಾಗಿ ನಿಲ್ಲಲು 341 ಸಾಕಾಗಿತ್ತು. 2025-26ರಲ್ಲಿ 370 ಆಯಿತು. ಹೀಗೆ ನೋಡಿದರೆ ಕೂಲಿಯು ಬೆಲೆಯನ್ನು ಹಿಡಿದೇ ಹಿಡಿಯಿತು, ಸ್ವಲ್ಪ ಮುಂದೆಯೂ ಹೋಯಿತು. ಸತ್ಯವನ್ನು ಮುಚ್ಚಿಡುವುದು ನಮ್ಮ ಉದ್ದೇಶವಲ್ಲ. ಕೂಲಿಯು ಬೆಲೆಯ ಹಿಂದೆಯೇ ಉಳಿದುಹೋಗಿದೆ ಎಂದು ಕೂಗುವವರ ಮಾತೂ ಪೂರ್ಣ ಸತ್ಯವಲ್ಲ; ಎಲ್ಲವೂ ಸರಿಯಾಗಿದೆ ಎನ್ನುವವರ ಮಾತೂ ಅಲ್ಲ. ಬೆಲೆಯು ಮುಂದೆ ಹೋಗುತ್ತದೆ, ಕೂಲಿಯು ಒಂದೆರಡು ವರ್ಷ ತಡವಾಗಿ ಬಂದು ಸೇರುತ್ತದೆ. ಈ ‘ತಡ’ ಎಂಬ ಎರಡಕ್ಷರದಲ್ಲಿಯೇ ಎಲ್ಲ ಕಷ್ಟವೂ ಅಡಗಿದೆ.

ಉಕ್ರೇನಿನಲ್ಲಿ 2022ರಲ್ಲಿ ಯುದ್ಧ ಹೊತ್ತಿದಾಗ ಅಲ್ಲಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬೆಲೆ ಕೆಲವೇ ದಿನಗಳಲ್ಲಿ ನಮ್ಮೂರಿನ ಅಂಗಡಿಯಲ್ಲಿಯೂ ಏರಿತು. 2023ರ ಜುಲೈ ತಿಂಗಳಿನಲ್ಲಿ ಟೊಮೇಟೊ ಕಿಲೋ ಒಂದಕ್ಕೆ ನೂರು ರೂಪಾಯಿ ದಾಟಿದುದನ್ನು ಯಾವ ಗೃಹಿಣಿಯೂ ಮರೆತಿರಲಾರಳು. ಬೆಲೆಗೆ ಮುಹೂರ್ತವಿಲ್ಲ. ಕೂಲಿಗಾದರೋ ವರ್ಷಕ್ಕೊಂದೇ ಮುಹೂರ್ತ, ಅದೂ ಹಿಂದಿನ ಲೆಕ್ಕವನ್ನು ನೋಡಿ. ನಡುವಿನ ತಿಂಗಳುಗಳಲ್ಲಿ ಬಿದ್ದ ಕೊರತೆಯನ್ನು ತುಂಬಿದವರು ಯಾರು? ಸಂಜೆಯ ಸಾರಿಗೆ ಬೇಳೆಯನ್ನು ಕಡಿಮೆ ಮಾಡಿದ ತಾಯಿ, ಸಂಘದಿಂದ ಎತ್ತಿದ ಸಾಲ, ಗಿರವಿಗೆ ಹೋದ ಕಿವಿಯೋಲೆ. ಮುಂದಿನ ಏಪ್ರಿಲಿನಲ್ಲಿ ಕೂಲಿಯೇರಿದರೂ ಹಿಂದೆ ಕಳೆದುದು ಹಿಂದಿರುಗುವುದಿಲ್ಲ. ಸಾಲದ ಬಡ್ಡಿ ಮಾತ್ರ ಉಳಿಯುತ್ತದೆ.

ಇಲ್ಲಿ ನಾವು ನಮ್ಮ ವಿಷಯವನ್ನೇ ಹೇಳಿಕೊಳ್ಳಬೇಕಾಗಿ ಬಂದಿರುತ್ತದೆ. ಸರ್ಕಾರದ ನೌಕರರಿಗೂ ನಮ್ಮಂತಹ ನಿವೃತ್ತರಿಗೂ ಜನವರಿ ಮತ್ತು ಜುಲೈಗಳ ಲೆಕ್ಕದಲ್ಲಿ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಏರುತ್ತದೆ. ಆಜ್ಞೆಯು ತಡವಾಗಿ ಬಂದರೂ ಹಿಂಬಾಕಿಯು ಲೆಕ್ಕ ತಪ್ಪದೆ ಬರುತ್ತದೆ. ಇದಲ್ಲದೆ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಮೂಲವೇತನವೂ ಪರಿಷ್ಕೃತವಾಯಿತು. ಕೊರೋನಾ ಕಾಲದಲ್ಲಿ 2020ರ ಜನವರಿಯಿಂದ 2021ರ ಜೂನ್‌ವರೆಗೆ ಹದಿನೆಂಟು ತಿಂಗಳು ತುಟ್ಟಿಭತ್ಯೆಯ ಏರಿಕೆಯನ್ನು ತಡೆದು ಅದರ ಹಿಂಬಾಕಿಯನ್ನು ಕೊಡದೆ ಹೋದಾಗ, ಉಪಾಧ್ಯಾಯರ ಕೊಠಡಿಯಲ್ಲಿ ನಾವೆಲ್ಲರೂ ಎಷ್ಟು ಗೊಣಗಿದೆವು! ಲೋಕದಲ್ಲಿ ನ್ಯಾಯವೇ ಉಳಿದಿಲ್ಲವೆಂದು ಮಾತನಾಡಿಕೊಂಡೆವು. ಹಿಂಬಾಕಿಯಿಲ್ಲದ ಆ ಹದಿನೆಂಟು ತಿಂಗಳು ನಮ್ಮ ಪಾಲಿಗೆ ಒಮ್ಮೆ ಬಂದ ಗ್ರಹಚಾರ. ಕೂಲಿಯವರ ಪಾಲಿಗೆ ಅದು ಪ್ರತಿವರ್ಷದ ಪಂಚಾಂಗ.

ಎರಡನೆಯ ಮಾತು ದಿನಗಳದ್ದು. ಕೂಲಿ ದಿನಕ್ಕೆ ಬರುತ್ತದೆ, ಹಸಿವು ವರ್ಷಕ್ಕೆಲ್ಲ ಬರುತ್ತದೆ. ದಿನಕ್ಕೆ 370ರಂತೆ ನೂರು ದಿನ ದುಡಿದರೆ 37,000 ರೂಪಾಯಿ. ಅದನ್ನು 365 ದಿನಗಳಿಗೆ ಹಂಚಿದರೆ ದಿನವೊಂದಕ್ಕೆ ಸುಮಾರು 101 ರೂಪಾಯಿ. ಆ ನೂರು ದಿನಗಳಾದರೂ ಎಲ್ಲರಿಗೂ ದೊರೆತವೆ? 2023-24ರಲ್ಲಿ ದೇಶದ ಸರಾಸರಿಯು ಸಂಸಾರವೊಂದಕ್ಕೆ ಸುಮಾರು 52 ದಿನ ಮಾತ್ರ. 2025ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯ್ದೆಯ ಸ್ಥಾನದಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿ, ನೂರು ದಿನಗಳನ್ನು 125ಕ್ಕೆ ಏರಿಸಿತು. ಕಾಗದದ ಮೇಲಿನ ದಿನಗಳು ಕೈಗೆ ಬಂದ ದಿನಗಳಾಗುವುವೆ ಎಂಬುದೇ ಮುಖ್ಯ.

ನಮ್ಮ ಎರಡು ತಾಲ್ಲೂಕುಗಳಲ್ಲಿ ಈ ದಿನಗಳ ಪ್ರಶ್ನೆಗೆ ಬೇರೊಂದು ಮುಖವೂ ಇದೆ. ಅಂಜನಾಪುರದ ಜಲಾಶಯದ ಕೆಳಗೂ ವರದೆ ದಂಡಾವತಿಗಳ ಬಯಲಿನಲ್ಲಿಯೂ ಹಿಂದೆ ಕಣ್ಣು ಹಾಯಿಸಿದಷ್ಟು ದೂರ ಭತ್ತವೇ ಇತ್ತು. ಈಗ ಎಷ್ಟೋ ಗದ್ದೆಗಳು ಅಡಿಕೆಯ ತೋಟಗಳಾಗಿವೆ. ಖುಷ್ಕಿಯಲ್ಲಿ ಮೆಕ್ಕೆಜೋಳ ಬಂದಿದೆ, ಕೆಲವೆಡೆ ಶುಂಠಿಯೂ ಬಂದಿದೆ. ಭತ್ತದ ಗದ್ದೆಯೆಂದರೆ ಹೆಂಗಸರಿಗೆ ಸಸಿ ಕೀಳುವುದು, ನಾಟಿ, ಕಳೆ, ಕೊಯ್ಲು ಎಂದು ಒಂದರ ಹಿಂದೆ ಒಂದು ಕೆಲಸ. ಉಳಿದ ಗದ್ದೆಗಳ ಕೊಯ್ಲಿಗೂ ಯಂತ್ರ ಬರುತ್ತಿದೆ. ಅಡಿಕೆಯ ತೋಟದಲ್ಲಿ ಮರ ಹತ್ತಿ ಕೊನೆ ತೆಗೆಯಬಲ್ಲ ಗಂಡಸಿಗೆ ಒಳ್ಳೆಯ ಕೂಲಿಯುಂಟು. ಪ್ರಾಣಾಪಾಯದ ಕೆಲಸವಾದುದರಿಂದ ಅದು ನ್ಯಾಯವೂ ಹೌದು. ಹೆಂಗಸರಿಗೆ ಉಳಿಯುವುದು ಸುಗ್ಗಿಯ ಕೆಲವು ವಾರ ಅಡಿಕೆ ಸುಲಿಯುವುದು, ಅದಕ್ಕೂ ಯಂತ್ರವು ಪಾಲುಗಾರನಾಗಿ ಬಂದಿದೆ. ಆದುದರಿಂದ ‘ಕೂಲಿ ಬಹಳ ಏರಿಹೋಯಿತು’ ಎಂದು ನಮ್ಮ ರೈತಬಂಧುಗಳು ಹೇಳುವಾಗ ಯಾರ ಕೂಲಿ, ಎಷ್ಟು ದಿನದ ಕೂಲಿ ಎಂದು ಕೇಳತಕ್ಕದ್ದು. ಒಂದೇ ಮನೆಯಲ್ಲಿ ಗಂಡನ ಕೂಲಿ ಬೆಲೆಗಿಂತ ಮುಂದಾಗಿಯೂ ಹೆಂಡತಿಯ ಸಂಪಾದನೆ ಹಿಂದಾಗಿಯೂ ಇರಬಹುದು. 1976ರ ಕಾಯ್ದೆಯು ಸಮಾನ ಕೆಲಸಕ್ಕೆ ಸಮಾನ ವೇತನವೆಂದು ಹೇಳಿದ್ದರೂ, ಬದುವಿನ ಮೇಲೆ ಹಣ ಎಣಿಸುವಾಗ ಹೆಂಗಸಿನ ಕೈಗೆ ಕಡಿಮೆಯೇ ಬೀಳುತ್ತದೆಂಬುದು ನಮ್ಮ ವಾಚಕರು ಅರಿಯದ ಸಂಗತಿಯಲ್ಲ.

ಕೊಡುವವನ ಕಷ್ಟವನ್ನೂ ಕೇಳದೆ ತೀರ್ಪು ಕೊಡುವುದು ಧರ್ಮವಲ್ಲ. ಎರಡು ಎಕರೆ ಮೆಕ್ಕೆಜೋಳವಿಟ್ಟ ರೈತನಿಗೆ ಬೀಜ, ಗೊಬ್ಬರ, ಟ್ರ್ಯಾಕ್ಟರಿನ ಬಾಡಿಗೆ ಎಲ್ಲವೂ ಏರಿವೆ. ಬೆಳೆಯ ಬೆಲೆಯಾದರೋ ಮಾರುವ ದಿನ ಬಿದ್ದಿರುತ್ತದೆ. ಆತನಿಗೂ ತುಟ್ಟಿಭತ್ಯೆಯಿಲ್ಲ. ಕೂಲಿ ಕೊಡಲಾರದೆ ಆತನು ಮುಯ್ಯಾಳಿನಿಂದ ಕೆಲಸ ಮಾಡಿಸಿಕೊಳ್ಳುತ್ತಾನೆ, ಇಲ್ಲವೆ ತಾನೇ ಬೇರೆಯವರ ತೋಟಕ್ಕೆ ಕೂಲಿಗೆ ಹೋಗುತ್ತಾನೆ. ಇಂತಹವನನ್ನು ಕಂಡು ಶೋಷಕನೆಂದು ಬೈಯುವುದು ಮೂರ್ಖತನ. ಆತನ ಬೆಳೆಗೆ ತಕ್ಕ ಬೆಲೆ ದೊರೆಯದೆ ಆತನ ಆಳಿಗೆ ತಕ್ಕ ಕೂಲಿ ದೊರೆಯಲಾರದು. ಆದರೆ ಸ್ಥಿರವಾದ ಸಂಬಳವೋ ಪಿಂಚಣಿಯೋ ಬಾಡಿಗೆಯೋ ಬರುವ ನಮ್ಮಂತಹ ಗೃಹಸ್ಥರು ಆ ರೈತನ ಕಷ್ಟವನ್ನು ಮುಂದೆ ಮಾಡಿ ನಮ್ಮ ಮನೆಯ ಆಳಿನ ಕೂಲಿಯನ್ನು ತಡೆಹಿಡಿಯುವುದು ನ್ಯಾಯವಲ್ಲ.

ಇನ್ನೊಂದು ಮಾತು ಈಚೆಗೆ ಪದೇಪದೇ ಕೇಳಿಬರುತ್ತದೆ: “ಅವರಿಗೇನು, ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ತಿಂಗಳಿಗೆ ಎರಡು ಸಾವಿರ ಬೇರೆ, ಕೂಲಿಯನ್ನೂ ಏರಿಸಬೇಕೆ?” ನಮ್ಮ ರಾಜ್ಯದಲ್ಲಿ ಅನ್ನಭಾಗ್ಯವು 2013ರ ಜುಲೈಯಲ್ಲಿ ಪ್ರಾರಂಭವಾಗಿ, 2015ರ ಮೇ ತಿಂಗಳಿನಿಂದ ಅಕ್ಕಿಯು ಉಚಿತವಾಯಿತು. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಬಂತು. ವರ್ಷಕ್ಕೆ 24,000 ರೂಪಾಯಿಗಳ ಈ ನೆರವು ಖಾತರಿಯ ನೂರು ದಿನಗಳ ಕೂಲಿಯ ಅರ್ಧಕ್ಕಿಂತ ಹೆಚ್ಚೆಂಬುದನ್ನು ಲಕ್ಷಿಸಿದರೆ, ಕೂಲಿಯು ತಡವಾಗಿ ಬಂದ ತಿಂಗಳುಗಳಲ್ಲಿ ಎಷ್ಟು ಮನೆಗಳನ್ನು ಇದು ಸಾಲದಿಂದ ಉಳಿಸಿರಬಹುದೆಂದು ಊಹಿಸಬಹುದು. ಆದರೆ ನೆರವು ಬೇರೆ, ಭೃತಿ ಬೇರೆ. ಸರ್ಕಾರವು ಪ್ರಜೆಗೆಂದು ಕೊಟ್ಟ ಅಕ್ಕಿಯನ್ನು ಯಜಮಾನನು ತಾನು ಕೊಡಬೇಕಾದ ಕೂಲಿಯಲ್ಲಿ ಮುರಿದುಕೊಂಡರೆ, ಆ ಅಕ್ಕಿಯು ಸೇರಿದುದು ಕೂಲಿಯವನಿಗಲ್ಲ, ಯಜಮಾನನಿಗೆ. ಹೀಗೆ ಯೋಚಿಸಿದಾಗ ಪುಕ್ಕಟೆ ಅಕ್ಕಿ ತಿಂದವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಮನೆಯ ಲೆಕ್ಕಕ್ಕೆ ಹಿಂದಿರುಗೋಣ. ಜಗಲಿಯಲ್ಲಿ ಆಕೆ ಕೇಳಿದ ಪ್ರಶ್ನೆಯ ದಿನ ಸಂಜೆ ನಾವು ಹಳೆಯ ಖರ್ಚಿನ ಪುಸ್ತಕವನ್ನು ತೆಗೆದು ನೋಡಿದೆವು. 2021ರ ಯುಗಾದಿಯಲ್ಲಿ ಆಕೆಗೆ ತಿಂಗಳಿಗೆ 1,200 ರೂಪಾಯಿ ಗೊತ್ತುಮಾಡಿದ್ದೆವು. 2025ರ ಯುಗಾದಿಗೂ ಅದೇ 1,200. ನಾಲ್ಕು ವರ್ಷಗಳಲ್ಲಿ ನಮ್ಮ ತುಟ್ಟಿಭತ್ಯೆ ಎಷ್ಟು ಸಲ ಏರಿತೆಂಬುದನ್ನು ಅದೇ ಪುಸ್ತಕದ ಎಡಪುಟ ಹೇಳುತ್ತಿತ್ತು. ಮೇಲಿನ ಬೆಲೆಯ ಲೆಕ್ಕವನ್ನೇ ಹಾಕಿದಾಗ, 2021-22ರ 1,200 ರೂಪಾಯಿಗೆ 2024-25ರಲ್ಲಿ 1,411 ರೂಪಾಯಿ ಸಮವೆಂದು ತಿಳಿಯಿತು. ಅಂದರೆ ನಾವು ಆಕೆಯ ಸಂಬಳವನ್ನು ಏರಿಸಲಿಲ್ಲವೆಂದು ತಿಳಿದಿದ್ದುದು ತಪ್ಪು. ವಾಸ್ತವದಲ್ಲಿ ವರ್ಷವರ್ಷವೂ ಅದನ್ನು ಇಳಿಸುತ್ತ ಬಂದಿದ್ದೆವು. ಕೊನೆಯ ವರ್ಷದಲ್ಲಿ ತಿಂಗಳಿಗೆ ಇನ್ನೂರಕ್ಕೂ ಹೆಚ್ಚು ರೂಪಾಯಿಯನ್ನು ಆಕೆಯ ಒಲೆಯಿಂದ ತೆಗೆದು ನಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೆವು. ಯಾರೂ ಬೈಯಲಿಲ್ಲ, ಯಾರೂ ಕೇಳಲಿಲ್ಲ. ಆದುದರಿಂದಲೇ ಅದು ನಾಲ್ಕು ವರ್ಷ ನಡೆಯಿತು.

ನಮ್ಮ ಮನೆಯವರು ಪುಸ್ತಕವನ್ನು ನೋಡಿ, “ಶಾಲೆಯಲ್ಲಿ ಮಕ್ಕಳಿಗೆ ಬಡ್ಡಿ ಲೆಕ್ಕ ಹೇಳಿಕೊಡುತ್ತಿದ್ದವರು ನೀವೇ ಅಲ್ಲವೆ?” ಎಂದರು. ಇದಕ್ಕೂ ನಮ್ಮ ಬಳಿ ಉತ್ತರವಿರಲಿಲ್ಲ. ಮರುತಿಂಗಳಿನಿಂದ ಸಂಬಳವನ್ನು 1,500 ಮಾಡಿದೆವು. ಹಿಂದಿನ ಒಂದು ವರ್ಷದ ಕೊರತೆಯನ್ನು ಲೆಕ್ಕಹಾಕಿ ಹಿಂಬಾಕಿಯೆಂದು ಕೊಟ್ಟೆವು. ಆಕೆ ಅದನ್ನು ದಾನವೆಂದು ತಿಳಿದು ಕಾಲಿಗೆ ಬೀಳಲು ಬಂದಳು. ನಮಗೆ ಬಹಳ ನಾಚಿಕೆಯಾಯಿತು. ತನಗೆ ಸಲ್ಲತಕ್ಕುದನ್ನು ಒಬ್ಬರು ದಾನವೆಂದು ತಿಳಿಯುವಂತೆ ಮಾಡಿದುದು, ಆ ಇನ್ನೂರು ರೂಪಾಯಿಗಿಂತ ದೊಡ್ಡ ಬಾಕಿ.

ಕಾನೂನಿನ ಸಹಾಯ ಇಲ್ಲವೆಂದಲ್ಲ. ನಮ್ಮ ರಾಜ್ಯವು 2004ರಲ್ಲಿಯೇ ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ಗೊತ್ತುಮಾಡಿತು. 1948ರ ಕನಿಷ್ಠ ವೇತನ ಕಾಯ್ದೆಯ ಸ್ಥಾನದಲ್ಲಿ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಂತೆ ಐದು ವರ್ಷ ಮೀರದೊಳಗೆ ಕನಿಷ್ಠ ವೇತನವನ್ನು ಪುನಃ ವಿಚಾರಿಸಬೇಕು. ಆದರೆ ಅಡಿಗೆಮನೆಯ ಹಿತ್ತಿಲಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ಕೊಳಗ ನಮ್ಮ ಕೈಯಲ್ಲಿಯೇ ಇದೆ.

ಆದುದರಿಂದ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ಅರಿಕೆ ಇಷ್ಟೆ. ಮನೆಯಲ್ಲಿ, ತೋಟದಲ್ಲಿ, ಅಂಗಡಿಯಲ್ಲಿ ನಮಗಾಗಿ ದುಡಿಯುವವರ ಹೆಸರಿನಲ್ಲಿ ಖರ್ಚಿನ ಪುಸ್ತಕದಲ್ಲಿ ಒಂದು ಪುಟವನ್ನು ಮೀಸಲಿಡೋಣ. ಕೂಲಿ ಗೊತ್ತುಮಾಡಿದ ದಿನಾಂಕವನ್ನು ಅಲ್ಲಿ ಬರೆಯೋಣ. ಪ್ರತಿ ಯುಗಾದಿಗೆ ಆ ಪುಟವನ್ನು ತೆರೆದು, ಆ ವರ್ಷ ನಮ್ಮ ಮನೆಯ ಜಿನಸಿಯ ಪಟ್ಟಿ ಎಷ್ಟು ಏರಿತೋ ಅಷ್ಟನ್ನಾದರೂ, ಅವರು ಕೇಳುವುದಕ್ಕಿಂತ ಮೊದಲೇ, ಏರಿಸೋಣ. ಹೆಂಗಸಿಗೂ ಗಂಡಸಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿಯನ್ನು ಎಣಿಸೋಣ. ನಾವು ತಡಮಾಡಿದರೆ, ಸರ್ಕಾರವು ನಮಗೆ ಮಾಡುವಂತೆ, ಹಿಂಬಾಕಿಯನ್ನು ಸೇರಿಸಿ ಕೊಡೋಣ. ಇದರಿಂದ ದೇಶದ ಕೂಲಿಯ ಪ್ರಶ್ನೆಯೆಲ್ಲ ತೀರುವುದೆಂದು ನಾವು ಹೇಳುವುದಿಲ್ಲ. ನಮ್ಮ ಜಗಲಿಯ ಮೇಲಿನ ಪ್ರಶ್ನೆಯಾದರೂ ತೀರುವುದು.

ಮುಂದಿನ ಸಲ ಆಕೆ ಪಂಚಾಂಗದಲ್ಲಿ ತನ್ನ ಆಯವೆಷ್ಟೆಂದು ಕೇಳಿದರೆ, ಪುಟವನ್ನು ತಿರುವದೆಯೇ ಹೇಳುವಷ್ಟು ಲೆಕ್ಕವನ್ನು ನಾವು ಈಗ ಕಲಿತುಕೊಂಡಿದ್ದೇವೆ.